ಕುಡಿಕೆ ಎಷ್ಟು ದೊಡ್ಡದಿರಬೇಕು? ಆರ್ಥಿಕ ಸ್ವಾತಂತ್ರ್ಯಕ್ಕೆ ಒಂದೊಂದೇ ಹೆಜ್ಜೆ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಗಾದೆ. ಸೋಮಾರಿಗಳಿಗೆ ಹೇಳುವ ಬುದ್ಧಿಮಾತು ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಹೊಳೆಯಿತು, ಇದರಲ್ಲಿ ಒಂದು ಲೆಕ್ಕವೂ ಇದೆ. ಕುಡಿಕೆ ಎಷ್ಟು ದೊಡ್ಡದು? ವರ್ಷಕ್ಕೆ ಅದರಿಂದ ಎಷ್ಟು ತೆಗೆಯುತ್ತೀರಿ? ಒಳಗಿರುವ ಹೊನ್ನು ಸುಮ್ನೆ ಬಿದ್ದಿದೆಯೋ, ಬೆಳೆಯುತ್ತಿದೆಯೋ? ಈ ಮೂರು ಗೊತ್ತಾದರೆ ಸಾಲುತ್ತದೋ ಇಲ್ಲವೋ ಅಂತ ಕಾಗದದ ಮೇಲೆ ಬರೆದು ನೋಡಬಹುದು.

ಆರ್ಥಿಕ ಸ್ವಾತಂತ್ರ್ಯ ಅಂದರೆ ಇದೇ. ಸಂಬಳ ನಿಂತರೂ ನಿಮ್ಮ ಬದುಕು ನಡೆಯುವಷ್ಟು ದೊಡ್ಡ ಕುಡಿಕೆ ನಿಮ್ಮದಾಗಿರುವುದು. ಕೆಲಸ ಬಿಡಲೇಬೇಕು ಅಂತೇನಿಲ್ಲ. ಇಷ್ಟವಿದ್ದರೆ ಮಾಡಬಹುದು, ಇಲ್ಲದಿದ್ದರೆ ಬೇಡ ಅನ್ನಬಹುದು. ಆ 'ಬೇಡ' ಅನ್ನುವ ಶಕ್ತಿ ಒಂದೇ ದಿನ ಬರುವುದಿಲ್ಲ. ಮೂರು ತಿಂಗಳ ಖರ್ಚು ಕೈಯಲ್ಲಿದ್ದವರಿಗೆ ಸ್ವಲ್ಪ, ಮೂರು ವರ್ಷದ್ದು ಇದ್ದವರಿಗೆ ಇನ್ನೂ ಜಾಸ್ತಿ. ಹಾಗಾಗಿ ಪೂರ್ತಿ ದಾರಿ ನಡೆಯಲು ಆಗದವರಿಗೂ ಈ ಹೆಜ್ಜೆಗಳು ಉಪಯೋಗಕ್ಕೆ ಬರುತ್ತವೆ.

ಹೆಜ್ಜೆ 1: ಖರ್ಚು ಬರೆಯಿರಿ, ಬದಲಾಯಿಸಬೇಡಿ

ಮೊದಲ ಮೂರು ತಿಂಗಳು ಏನನ್ನೂ ಕಡಿಮೆ ಮಾಡಬೇಡಿ. ಬರೀ ಬರೆಯಿರಿ. ಎಲ್ಲರೂ ಹಾರಿಸುವ ಹೆಜ್ಜೆ ಇದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. 'ತಿಂಗಳಿಗೆ ಎಷ್ಟು ಖರ್ಚಾಗುತ್ತದೆ' ಅಂತ ಕೇಳಿದರೆ ನಾವು ಹೇಳುವ ಸಂಖ್ಯೆ ಸಾಮಾನ್ಯವಾಗಿ ಊಹೆ. ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ವಾಹನದ ರಿಪೇರಿ, ಮದುವೆ ಮುಂಜಿಯ ಉಡುಗೊರೆ, ಹಲ್ಲಿನ ಡಾಕ್ಟರು, ಇವೆಲ್ಲ ಆ ಊಹೆಯಲ್ಲಿ ಇರುವುದೇ ಇಲ್ಲ.

ನಾನು ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ ಇಟ್ಟುಕೊಂಡೆ. ಪುಟಕ್ಕೆ ಮೂರು ಗೆರೆ: ಏನು, ಎಷ್ಟು, ಯಾಕೆ. ಮೂರನೆಯ ಗೆರೆಯಿಂದಲೇ ನನಗೆ ಬುದ್ಧಿ ಬಂದದ್ದು. 'ಬೇಕಿತ್ತು' ಅಂತ ಬರೆಯುವಾಗ ಕೈ ಸರಾಗವಾಗಿ ಓಡುತ್ತಿತ್ತು. ಕೆಲವು ಕಡೆ ಪೆನ್ನು ನಿಲ್ಲುತ್ತಿತ್ತು. 'ಬೇಜಾರಾಗಿತ್ತು', 'ಅವರು ತಗೊಂಡರು, ನಾನೂ ತಗೊಂಡೆ', 'ಆಫರ್ ಇತ್ತು'. ಎರಡನೇ ತಿಂಗಳು ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ಪುಸ್ತಕವನ್ನು ತಾಳೆ ನೋಡಿದಾಗ ಒಂದು ಸಾಲು ಹೊಂದಲಿಲ್ಲ. ಒಂದು ಆ್ಯಪ್‌ನ ಸಬ್‌ಸ್ಕ್ರಿಪ್ಷನ್. ಅದನ್ನು ತೆರೆದು ಒಂದೂವರೆ ವರ್ಷವೇ ಆಗಿತ್ತು. ದುಡ್ಡು ಮಾತ್ರ ತಪ್ಪದೆ ಹೋಗುತ್ತಿತ್ತು. ಬದಲಾಯಿಸಬೇಡಿ ಅನ್ನುವ ನಾನೇ ಅದನ್ನು ಆ ರಾತ್ರಿಯೇ ರದ್ದು ಮಾಡಿದೆ. ಕೂತಲ್ಲೇ ಇನ್ನೂ ಮೂರು ಸಿಕ್ಕವು.

ಬರೆಯಲು ಪುಸ್ತಕವೇ ಆಗಬೇಕು ಅಂತಿಲ್ಲ. ಫೋನಿನಲ್ಲೋ ಸ್ಪ್ರೆಡ್‌ಶೀಟಿನಲ್ಲೋ ಬರೆಯಿರಿ. ಆದರೆ ಕೈಯಾರೆ ಬರೆಯಿರಿ. ತಾನಾಗಿಯೇ ಲೆಕ್ಕ ಹಾಕುವ ಆ್ಯಪ್‌ಗಳು ಚೆನ್ನಾಗಿರುತ್ತವೆ, ಆದರೆ ಮೂರನೆಯ ಗೆರೆಯನ್ನು ಅವು ತುಂಬುವುದಿಲ್ಲ.

ಮೂರು ತಿಂಗಳ ಮೊತ್ತವನ್ನು ನಾಲ್ಕರಿಂದ ಗುಣಿಸಿ, ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಸೇರಿಸಿ. ಅದು ನಿಮ್ಮ ವರ್ಷದ ಖರ್ಚು. ಇನ್ನು ಮುಂದಿನದೆಲ್ಲ ಆ ಸಂಖ್ಯೆಯ ಮೇಲೆಯೇ ನಿಂತಿದೆ.

ಹೆಜ್ಜೆ 2: ಕುಡಿಕೆಯ ಅಳತೆ ತೆಗೆಯಿರಿ

ವರ್ಷದ ಖರ್ಚನ್ನು 25ರಿಂದ ಗುಣಿಸಿ. ಸುಲಭದ ದಾರಿ ಬೇಕೆಂದರೆ ತಿಂಗಳ ಖರ್ಚಿನ 300 ಪಟ್ಟು. ಸದ್ಯಕ್ಕೆ ಇದೇ ನಿಮ್ಮ ಗುರಿ.

ಈ 25 ಎಲ್ಲಿಂದ ಬಂತು? 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರರು ಒಂದು ಪ್ರಶ್ನೆ ಇಟ್ಟುಕೊಂಡು ಕೂತರು. ನಿವೃತ್ತರಾದವರು ಮೊದಲ ವರ್ಷ ತಮ್ಮ ಗಂಟಿನ ಎಷ್ಟು ಪಾಲು ತೆಗೆದು, ಆಮೇಲೆ ಪ್ರತಿ ವರ್ಷ ಆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತಾ ಹೋದರೆ, 30 ವರ್ಷ ಗಂಟು ಬರಿದಾಗದೆ ಉಳಿಯುತ್ತದೆ? 1926ರಿಂದ ಇದ್ದ ಅಮೆರಿಕದ ಷೇರು ಮತ್ತು ಸರ್ಕಾರಿ ಬಾಂಡ್‌ಗಳ ಲೆಕ್ಕವನ್ನು ಹಾಕಿ ನೋಡಿದರು. ಕೆಟ್ಟ ಕಾಲದಲ್ಲಿ ಶುರು ಮಾಡಿದವರಿಗೂ ತಾಳಿದ ಪ್ರಮಾಣ ಸುಮಾರು 4%. 100ರಲ್ಲಿ 4 ಅಂದರೆ 25ರಲ್ಲಿ 1. ಅದೇ 25 ಪಟ್ಟು. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರೊಫೆಸರ್‌ಗಳು ಬೇರೆ ಬೇರೆ ಅವಧಿ, ಷೇರು ಬಾಂಡ್ ನಡುವೆ ಬೇರೆ ಬೇರೆ ಹಂಚಿಕೆ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಅಲ್ಲಿಂದ ಮುಂದೆ ಈ ಮಾತು ಜಗತ್ತಿಗೆಲ್ಲ ಹರಡಿತು.

ಎರಡು ಎಚ್ಚರಿಕೆ. ಒಂದು, ಆ ಲೆಕ್ಕ ಅಮೆರಿಕದ್ದು. ಎಲ್ಲ ದೇಶದ ಮಾರುಕಟ್ಟೆಯೂ ಅಷ್ಟು ಚೆನ್ನಾಗಿ ಬೆಳೆದಿಲ್ಲ. ಎರಡು, ಅದು 30 ವರ್ಷದ ಲೆಕ್ಕ. ನೀವು 40ಕ್ಕೇ ಕೆಲಸ ನಿಲ್ಲಿಸುವ ಯೋಚನೆಯಲ್ಲಿದ್ದರೆ ಗಂಟು 50 ವರ್ಷ ಬರಬೇಕು. ಅಂಥವರು 3.5% ಅಥವಾ 3% ಇಟ್ಟುಕೊಳ್ಳುವುದು ಕ್ಷೇಮ. ಆಗ ಗುರಿ ಸುಮಾರು 29 ಪಟ್ಟು, ಇಲ್ಲವೇ 33 ಪಟ್ಟು ಆಗುತ್ತದೆ. ನಾನು ಮೊದಲು 25 ಪಟ್ಟಿಗೆ ಗುರಿ ಇಡಿ ಅನ್ನುತ್ತೇನೆ. ಅಲ್ಲಿ ಮುಟ್ಟುವ ಹೊತ್ತಿಗೆ ನಿಮ್ಮ ಖರ್ಚು, ವಯಸ್ಸು, ಮನಸ್ಸು ಎಲ್ಲ ಬದಲಾಗಿರುತ್ತದೆ. ಆಗ ಮತ್ತೆ ಅಳತೆ ತೆಗೆಯಬಹುದು.

ಹೆಜ್ಜೆ 3: ಉಳಿತಾಯದ ಪ್ರಮಾಣ ನೋಡಿ

ಎಷ್ಟು ವರ್ಷ ಬೇಕು ಅನ್ನುವುದು ನಿಮ್ಮ ಸಂಬಳ ದೊಡ್ಡದೋ ಚಿಕ್ಕದೋ ಅನ್ನುವುದರ ಮೇಲೆ ನಿಂತಿಲ್ಲ. ಕೈಗೆ ಬಂದದ್ದರಲ್ಲಿ ಎಷ್ಟು ಪಾಲು ಉಳಿಯಿತು ಅನ್ನುವುದರ ಮೇಲೆ ನಿಂತಿದೆ. ಸೊನ್ನೆಯಿಂದ ಶುರು ಮಾಡಿದ್ದೀರಿ, ಹಣದುಬ್ಬರ ಕಳೆದು ವರ್ಷಕ್ಕೆ 5% ಬೆಳೆಯುತ್ತದೆ, ಗುರಿ 25 ಪಟ್ಟು ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ:

10% ಉಳಿಸಿದರೆ ಸುಮಾರು 51 ವರ್ಷ
20% ಉಳಿಸಿದರೆ 37 ವರ್ಷ
30% ಉಳಿಸಿದರೆ 28 ವರ್ಷ
40% ಉಳಿಸಿದರೆ ಸುಮಾರು 22 ವರ್ಷ
50% ಉಳಿಸಿದರೆ ಸುಮಾರು 17 ವರ್ಷ
60% ಉಳಿಸಿದರೆ ಸುಮಾರು 12 ವರ್ಷ

5% ಬಂದೇ ಬರುತ್ತದೆ ಅಂತ ಯಾರೂ ಮಾತು ಕೊಡಲಾರರು. ದಾರಿ ಎಷ್ಟು ಉದ್ದ ಅಂತ ಅಂದಾಜು ಸಿಗಲಿ ಅಂತ ಹಾಕಿದ ಲೆಕ್ಕ ಇದು.

ಇಲ್ಲಿ ಒಂದು ವಿಷಯ ನನಗೆ ಈಗಲೂ ಸೋಜಿಗ ಅನ್ನಿಸುತ್ತದೆ. ಸಂಬಳ 100, ಖರ್ಚು 80, ಉಳಿತಾಯ 20 ಅನ್ನಿ. ಗುರಿಗೆ 37 ವರ್ಷ. ಈಗ ಸಂಬಳ 110 ಆಯಿತು, ಖರ್ಚು 80ರಲ್ಲೇ ನಿಂತಿತು. ಉಳಿತಾಯ 30, ಬೇಕಾದ ಸಮಯ 30 ವರ್ಷ. ಇನ್ನೊಂದು ದಾರಿ: ಸಂಬಳ 100 ಹಾಗೇ ಇರಲಿ, ಖರ್ಚು 70ಕ್ಕೆ ಇಳಿಯಲಿ. ಉಳಿತಾಯ ಅದೇ 30. ಆದರೆ ಬೇಕಾದ ಸಮಯ 28 ವರ್ಷ. ಉಳಿದದ್ದು ಒಂದೇ ಆದರೂ ಎರಡು ವರ್ಷ ಮೊದಲೇ ಮುಟ್ಟುತ್ತೀರಿ. ಯಾಕೆಂದರೆ ಖರ್ಚು ಇಳಿದಾಗ ಕುಡಿಕೆ ಬೇಗ ತುಂಬುವುದಷ್ಟೇ ಅಲ್ಲ, ಬೇಕಾದ ಕುಡಿಕೆಯೇ ಚಿಕ್ಕದಾಗುತ್ತದೆ. ಮಿತವಾಗಿ ಬದುಕುವುದನ್ನು ನಾನು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೇ.

ಇದನ್ನೇ ಸಣ್ಣದಾಗಿಯೂ ನೋಡಬಹುದು. ತಿಂಗಳಿಗೆ 1 ಖರ್ಚಾಗುವ ಅಭ್ಯಾಸವನ್ನು ಜೀವನಪೂರ್ತಿ ಸಾಕಲು ಕುಡಿಕೆಯಲ್ಲಿ 300 ಇರಬೇಕು. ಒಂದು ಖರ್ಚನ್ನು ಹೊಸದಾಗಿ ಕಟ್ಟಿಕೊಳ್ಳುವ ಮುಂಚೆ ಅದನ್ನು 300ರಿಂದ ಗುಣಿಸಿ ನೋಡಿ. ಕೆಲವಕ್ಕೆ ಆಗಲೂ 'ಇರಲಿ' ಅನ್ನುತ್ತೀರಿ. ಅವನ್ನು ಸಂತೋಷವಾಗಿ ಇಟ್ಟುಕೊಳ್ಳಿ.

ಹೆಜ್ಜೆ 4: ದೊಡ್ಡ ತೂತು ಮೊದಲು ಮುಚ್ಚಿ

ಮನೆ, ಓಡಾಟ, ಊಟ. ಹೆಚ್ಚಿನವರ ಖರ್ಚಿನ ದೊಡ್ಡ ಪಾಲು ಈ ಮೂರಕ್ಕೇ ಹೋಗುತ್ತದೆ. ಮನೆ ಆರಿಸುವಾಗ ಮಾಡಿದ ಒಂದು ತೀರ್ಮಾನ ಹತ್ತು ವರ್ಷ ತಿಂಗಳು ತಿಂಗಳೂ ನಿಮ್ಮ ಪರವಾಗಿಯೋ ವಿರುದ್ಧವಾಗಿಯೋ ಕೆಲಸ ಮಾಡುತ್ತಿರುತ್ತದೆ. ಒಂದು ಕೋಣೆ ಕಡಿಮೆ ಇರುವ ಮನೆ, ಕೆಲಸದ ಜಾಗಕ್ಕೆ ಹತ್ತಿರದ ಮನೆ, ಎರಡು ವಾಹನದ ಬದಲು ಒಂದು. ಇಂಥ ಒಂದು ಬದಲಾವಣೆ ನೂರು ಸಣ್ಣ ತ್ಯಾಗಗಳಿಗೆ ಸಮ. ದಿನಾ ಬೆಳಗ್ಗೆ ಮನಸ್ಸನ್ನು ಬಿಗಿ ಹಿಡಿಯುವ ಕಷ್ಟವೂ ಇಲ್ಲ.

ವಾಹನದ ವಿಷಯದಲ್ಲಿ ಕೊಂಡ ಬೆಲೆಯನ್ನು ಮಾತ್ರ ನೋಡಬೇಡಿ. ಇಂಧನ, ವಿಮೆ, ರಿಪೇರಿ, ನಿಲ್ಲಿಸುವ ಜಾಗ, ವರ್ಷವರ್ಷಕ್ಕೂ ಇಳಿಯುವ ಮಾರಾಟದ ಬೆಲೆ, ಇಷ್ಟನ್ನೂ ಕೂಡಿಸಿ ತಿಂಗಳಿಗೆ ಎಷ್ಟು ಅಂತ ಬರೆಯಿರಿ. ಊಟದಲ್ಲಿ ದೊಡ್ಡ ಉಳಿತಾಯ ಬರುವುದು ಎರಡು ಕಡೆಯಿಂದ: ಮನೆಯಲ್ಲಿ ಮಾಡುವುದು ಮತ್ತು ತಂದದ್ದನ್ನು ಎಸೆಯದಿರುವುದು. ವಾರಕ್ಕೊಮ್ಮೆ ಫ್ರಿಜ್‌ನ ಕೊನೆಯ ಮೂಲೆಯವರೆಗೂ ನೋಡಿ, ಆಮೇಲೆ ಪಟ್ಟಿ ಬರೆದು ಅಂಗಡಿಗೆ ಹೋಗಿ.

ಇನ್ನು ಸಣ್ಣ ಖರ್ಚುಗಳು. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ನಿಜ, ಆದರೆ ಹನಿಯ ಹಿಂದೆ ಓಡುತ್ತಾ ಒಡೆದ ಕೊಳವೆಯನ್ನು ಮರೆಯಬಾರದು. ನನಗೆ ಕೆಲಸಕ್ಕೆ ಬಂದ ನಿಯಮ ಎರಡೇ. ತುರ್ತಿಲ್ಲದ ಯಾವ ವಸ್ತುವನ್ನೂ ಅದೇ ದಿನ ಕೊಳ್ಳುವುದಿಲ್ಲ. ಪುಸ್ತಕದ ಕೊನೇ ಪುಟದಲ್ಲಿ ತಾರೀಕು ಹಾಕಿ ಬರೆದಿಟ್ಟು 30 ದಿನ ಕಾಯುತ್ತೇನೆ. ತಿಂಗಳಾದ ಮೇಲೆ ಪಟ್ಟಿ ನೋಡಿದರೆ ಅರ್ಧಕ್ಕರ್ಧ ಯಾಕೆ ಬೇಕಿತ್ತು ಅಂತಲೇ ನೆನಪಿರುವುದಿಲ್ಲ. ಎರಡನೆಯದು, ಬೆಲೆಯನ್ನು ಬಳಸುವ ಸಲಗಳಿಂದ ಭಾಗಿಸುವುದು. ನನ್ನ ಹತ್ತಿರ ಒಂದು ಜೊತೆ ಬೂಟು ಇದೆ. ಕೊಳ್ಳುವಾಗ ಅಗ್ಗದ ಜೋಡಿಯ ಮೂರು ಪಟ್ಟು ಕೊಟ್ಟಿದ್ದೆ. ಕೈ ನಡುಗಿತ್ತು. ಎರಡು ಸಲ ಅಟ್ಟೆ ಬದಲಾಯಿಸಿದ್ದಾಗಿದೆ, ಹೊಲಿಗೆ ಒಮ್ಮೆ ಹಾಕಿಸಿದ್ದಾಗಿದೆ, ಚರ್ಮ ಮಡಿಕೆ ಬಿದ್ದಲ್ಲಿ ಬಣ್ಣ ಮಾಸಿದೆ. ಏಳನೇ ವರ್ಷ ನಡೆಯುತ್ತಿದೆ. ಮುಂಚೆ ನಾನು ವರ್ಷಕ್ಕೊಂದು ಅಗ್ಗದ ಜೋಡಿ ಹರಿಯುತ್ತಿದ್ದೆ.

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಗೆರೆ ಇಲ್ಲೇ ಸಿಗುತ್ತದೆ. ನಿಮ್ಮ ಉಳಿತಾಯದ ಭಾರ ಬೇರೆಯವರ ಹೆಗಲಿಗೆ ಬಿದ್ದರೆ ಅದು ಜಿಪುಣತನ. ಗೆಳೆಯರು ಬಿಲ್ ಕೊಡುವಾಗ ಕೈ ಹಿಂದೆ ಇಟ್ಟುಕೊಳ್ಳುವುದು, ಮನೆಕೆಲಸದವರ ಸಂಬಳದಲ್ಲಿ ಚೌಕಾಶಿ ಮಾಡುವುದು, ಅಪ್ಪ ಅಮ್ಮನ ಔಷಧಿಯನ್ನು ಮುಂದೂಡುವುದು, ಇದನ್ನೆಲ್ಲ ಉಳಿತಾಯ ಅಂತ ಕರೆಯಬೇಡಿ.

ಹೆಜ್ಜೆ 5: ದುಬಾರಿ ಸಾಲ ತೀರಿಸಿ

72ರ ಸೂತ್ರ ಅಂತ ಒಂದಿದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಬೇಕಾದ ಕಾಲ ಸುಮಾರಾಗಿ ಸಿಗುತ್ತದೆ. ಹಳೇ ಸೂತ್ರ, 1494ರಲ್ಲಿ ಇಟಲಿಯ ಗಣಿತಜ್ಞ ಲುಕಾ ಪಾಚಿಯೋಲಿ ಬರೆದ ಪುಸ್ತಕದಲ್ಲೇ ಇದೆ. ವರ್ಷಕ್ಕೆ 6% ಬೆಳೆದರೆ 12 ವರ್ಷಕ್ಕೆ ದುಪ್ಪಟ್ಟು. ಈಗ ಇದನ್ನೇ ತಿರುಗಿಸಿ. ತಿಂಗಳಿಗೆ 3% ಬಡ್ಡಿ ಹಾಕುವ ಕ್ರೆಡಿಟ್ ಕಾರ್ಡ್ ಸಾಲ, ಏನೂ ಕಟ್ಟದೆ ಬಿಟ್ಟರೆ, 24 ತಿಂಗಳಲ್ಲಿ ದುಪ್ಪಟ್ಟು. ಯಾವ ಹೂಡಿಕೆಯೂ ಇದರ ಜೊತೆ ಓಡಿ ಗೆಲ್ಲಲಾರದು. ಆದ್ದರಿಂದ ಇಂಥ ಸಾಲ ಇರುವವರೆಗೂ ಷೇರಿನ ಮಾತು ಬೇಡ. ಅದನ್ನು ತೀರಿಸುವುದೇ ನಿಮ್ಮ ಅತಿ ಒಳ್ಳೆಯ ಹೂಡಿಕೆ.

ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಉಳಿದ ಅಸಲು, ಬಡ್ಡಿ ದರ, ಕನಿಷ್ಠ ಕಂತು. ಎಲ್ಲಕ್ಕೂ ಕನಿಷ್ಠ ಕಂತು ಕಟ್ಟಿ, ಉಳಿದ ಪ್ರತಿ ಕಾಸನ್ನೂ ಬಡ್ಡಿ ಹೆಚ್ಚಿರುವ ಸಾಲಕ್ಕೆ ಸುರಿಯಿರಿ. ಅದು ತೀರಿದ ಮೇಲೆ ಆ ಕಂತೂ ಸೇರಿ ಮುಂದಿನದಕ್ಕೆ. ಲೆಕ್ಕದ ಪ್ರಕಾರ ಇದೇ ಸರಿ. ಆದರೆ ಐದಾರು ಸಾಲ ಇದ್ದು ಮನಸ್ಸು ಸೋತಿದ್ದರೆ ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ಮುಗಿಸಿ. ಹಾಳೆಯಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದ ದಿನ ಬರುವ ಧೈರ್ಯಕ್ಕೆ ಸ್ವಲ್ಪ ಬಡ್ಡಿ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಕಡಿಮೆ ಬಡ್ಡಿಯ ಮನೆ ಸಾಲ ಇದ್ದರೆ ಅದರ ಕಂತು ನಡೆಯುತ್ತಿರಲಿ, ಜೊತೆಯಲ್ಲೇ ಹೂಡಿಕೆಯನ್ನೂ ಶುರು ಮಾಡಬಹುದು.

ಹೆಜ್ಜೆ 6: ತುರ್ತು ನಿಧಿ ಮತ್ತು ವಿಮೆ

ಮೂರರಿಂದ ಆರು ತಿಂಗಳ ಖರ್ಚು, ಬೇಕೆಂದ ದಿನ ಕೈಗೆ ಸಿಗುವ ಬ್ಯಾಂಕ್ ಖಾತೆಯಲ್ಲಿರಲಿ. ಆದಾಯ ಏರುಪೇರಾಗುವವರು, ಒಬ್ಬರೇ ದುಡಿಯುವ ಮನೆಯವರು ಒಂದು ವರ್ಷದ್ದು ಇಟ್ಟುಕೊಳ್ಳಿ. ಇದರಿಂದ ದೊಡ್ಡ ಬಡ್ಡಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೆಲಸ ಹೋದಾಗ ಇಳಿದ ಬೆಲೆಗೆ ಷೇರು ಮಾರುವಂತಾಗದಿರಲಿ ಅಂತ ಇಡುವ ಹಣ ಇದು.

ಆರೋಗ್ಯ ವಿಮೆ ಎಲ್ಲರಿಗೂ ಬೇಕು. ನಿಮ್ಮ ದುಡಿಮೆಯನ್ನು ನಂಬಿದವರಿದ್ದರೆ ಜೀವ ವಿಮೆಯೂ ಬೇಕು. ಅವಧಿ ಮುಗಿದಾಗ ಏನೂ ವಾಪಸ್ ಕೊಡದ ಸಾದಾ ಟರ್ಮ್ ಪಾಲಿಸಿ ಸಾಕು. ವಿಮೆಯನ್ನೂ ಹೂಡಿಕೆಯನ್ನೂ ಒಂದೇ ಪಾಲಿಸಿಯಲ್ಲಿ ಬೆರೆಸಬೇಡಿ.

ಹೆಜ್ಜೆ 7: ಸಂಬಳ ಬಂದ ದಿನವೇ ಎತ್ತಿಡಿ

ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಇದು ಎಲ್ಲರ ಅನುಭವ, ಅಲ್ವಾ? ಸಂಬಳ ಬಂದ ಮರುದಿನವೇ ಹೂಡಿಕೆಯ ಖಾತೆಗೆ ಹಣ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿ. 10%ರಿಂದ ಶುರು ಮಾಡಿ, ಮೂರು ತಿಂಗಳಿಗೊಮ್ಮೆ 2% ಏರಿಸಿ. ವರ್ಷದ ಕೊನೆಗೆ 18% ಆಗಿರುತ್ತದೆ, ಮನೆಯಲ್ಲಿ ಯಾರಿಗೂ ದೊಡ್ಡ ಕಷ್ಟ ಅನ್ನಿಸಿರುವುದಿಲ್ಲ.

ಸಂಬಳ ಏರಿದಾಗ ಏರಿಕೆಯ ಅರ್ಧವನ್ನಾದರೂ ಕುಡಿಕೆಗೆ ಕಳಿಸಿ. ಇನ್ನರ್ಧವನ್ನು ಅನುಭವಿಸಿ, ತಪ್ಪೇನಿಲ್ಲ. ಸುಖಕ್ಕೆ ನಾವು ಬಹಳ ಬೇಗ ಒಗ್ಗಿಹೋಗುತ್ತೇವೆ. ಹೊಸ ಫೋನು ಆರು ತಿಂಗಳಿಗೆ ಬರೀ ಫೋನು. ಏರಿಕೆಯನ್ನೆಲ್ಲ ಖರ್ಚಿಗೆ ಬಿಟ್ಟರೆ ಸಂಬಳ ದುಪ್ಪಟ್ಟಾದರೂ ಉಳಿಸುವ ಮೊತ್ತ ಇದ್ದಲ್ಲೇ ಇರುತ್ತದೆ, ಉಳಿತಾಯದ ಪ್ರಮಾಣ ಅರ್ಧಕ್ಕೆ ಇಳಿದಿರುತ್ತದೆ, ಬೇಕಾದ ಕುಡಿಕೆ ಮಾತ್ರ ದುಪ್ಪಟ್ಟಿಗಿಂತಲೂ ದೊಡ್ಡದಾಗಿರುತ್ತದೆ.

ದುಡಿಮೆ ಹೆಚ್ಚಿಸುವುದನ್ನೂ ಬಿಡಬೇಡಿ. ಖರ್ಚು ಇಳಿಸಲು ಒಂದು ತಳ ಇದೆ. ಅದರ ಕೆಳಗೆ ಹೋದರೆ ಬದುಕು ಒಣಗುತ್ತದೆ. ಆದಾಯ ಬಹಳ ಕಡಿಮೆ ಇರುವವರಿಗೆ 'ಇನ್ನೂ ಉಳಿಸಿ' ಅನ್ನುವುದು ಕ್ರೂರ ಮಾತು. ಅವರಿಗೆ ಮೊದಲ ಹೂಡಿಕೆ ಹೊಸ ಕೌಶಲ, ಒಳ್ಳೆಯ ಕೆಲಸ, ಸಂಬಳದ ಬಗ್ಗೆ ಧೈರ್ಯವಾಗಿ ಮಾತಾಡುವುದು.

ಹೆಜ್ಜೆ 8: ಕುಡಿಕೆ ಬೆಳೆಯುವಂತೆ ಮಾಡಿ

ಹಣವನ್ನು ಬೀರುವಿನಲ್ಲಿಟ್ಟರೆ ಹಣದುಬ್ಬರ ಅದನ್ನು ತಿನ್ನುತ್ತದೆ. ಬೆಲೆಗಳು ವರ್ಷಕ್ಕೆ 6% ಏರಿದರೆ 12 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧ. ಇದೂ 72ರ ಸೂತ್ರವೇ.

ಷೇರು ಅಂದರೆ ಒಂದು ಕಂಪನಿಯ ಸಣ್ಣ ಪಾಲು. ಬಾಂಡ್ ಅಂದರೆ ಸರ್ಕಾರಕ್ಕೋ ಕಂಪನಿಗೋ ನೀವು ಕೊಟ್ಟ ಸಾಲ. ಷೇರು ಜಾಸ್ತಿ ಬೆಳೆಯಬಹುದು, ಜಾಸ್ತಿ ಬೀಳಲೂಬಹುದು. ಬಾಂಡ್ ನಿಧಾನ, ಅಲುಗಾಟ ಕಡಿಮೆ. ಐದು ವರ್ಷದೊಳಗೆ ಬೇಕಾಗುವ ಹಣ ಷೇರಿನಲ್ಲಿ ಇರಬಾರದು. ಹತ್ತು ಹದಿನೈದು ವರ್ಷ ಮುಟ್ಟದ ಹಣದ ದೊಡ್ಡ ಪಾಲು ಷೇರಿನಲ್ಲಿ ಇರಬಹುದು.

ಯಾವ ಷೇರು? ಇಲ್ಲೇ ಬಹಳ ಜನ ದಾರಿ ತಪ್ಪುವುದು. ಗೆಲ್ಲುವ ಕಂಪನಿಯನ್ನು ಹುಡುಕುವ ಬದಲು ಇಡೀ ಮಾರುಕಟ್ಟೆಯ ಚೂರನ್ನು ಕೊಳ್ಳಿ. ಇಂಡೆಕ್ಸ್ ಫಂಡ್ ಮಾಡುವುದು ಅದನ್ನೇ. ಸೂಚ್ಯಂಕ ಅಂದರೆ ಮಾರುಕಟ್ಟೆಯ ಏರಿಳಿತ ಅಳೆಯಲು ಮಾಡಿದ ಕಂಪನಿಗಳ ಪಟ್ಟಿ; ಅದರಲ್ಲಿರುವ ಎಲ್ಲ ಕಂಪನಿಗಳನ್ನೂ ಈ ಫಂಡ್ ಅವುಗಳ ಗಾತ್ರಕ್ಕೆ ತಕ್ಕಂತೆ ಕೊಂಡು ಸುಮ್ಮನಿರುತ್ತದೆ. 1976ರಲ್ಲಿ ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಕಂಪನಿ ಸಾಮಾನ್ಯ ಜನರಿಗಾಗಿ ಇಂಥ ಫಂಡ್ ತಂದಾಗ 15 ಕೋಟಿ ಡಾಲರ್ ಸೇರುತ್ತದೆ ಅಂದುಕೊಂಡಿದ್ದರು. ಬಂದದ್ದು ಸುಮಾರು 1.1 ಕೋಟಿ. 'ಬೋಗಲ್‌ನ ಹುಚ್ಚಾಟ' ಅಂತ ಜನ ಆಡಿಕೊಂಡರು. ಇವತ್ತು ಲೋಕದಲ್ಲಿ ಕೋಟ್ಯಂತರ ಜನ ಹೂಡುವುದು ಇಂಥ ಫಂಡ್‌ಗಳಲ್ಲೇ.

ಅವುಗಳ ದೊಡ್ಡ ಗುಣ ಕಡಿಮೆ ಶುಲ್ಕ. 1.5% ಅಂದರೆ ಏನು ಮಹಾ ಅನ್ನಿಸುತ್ತದೆ. ಲೆಕ್ಕ ನೋಡಿ. 100 ಹಾಕಿದ್ದೀರಿ, ಶುಲ್ಕಕ್ಕೆ ಮುಂಚೆ ವರ್ಷಕ್ಕೆ 7% ಬೆಳೆಯುತ್ತದೆ. ಶುಲ್ಕ 0.2% ಆದರೆ 30 ವರ್ಷದ ನಂತರ ಸುಮಾರು 720. ಶುಲ್ಕ 1.5% ಆದರೆ ಸುಮಾರು 498. ಹಣ ನಿಮ್ಮದು, ಅಪಾಯ ನಿಮ್ಮದು, 222 ಮಾತ್ರ ಬೇರೆಯವರದ್ದು. ಯಾವ ಫಂಡ್ ಕೊಳ್ಳುವಾಗಲೂ ಮೊದಲು ವೆಚ್ಚದ ಅನುಪಾತ, ಅಂದರೆ ವರ್ಷಕ್ಕೆ ನೂರಕ್ಕೆ ಎಷ್ಟು ಶುಲ್ಕ ಅನ್ನುವುದನ್ನು ನೋಡಿ.

ಒಂದೇ ದೇಶದ ಮಾರುಕಟ್ಟೆಗೆ ಎಲ್ಲವನ್ನೂ ಒಪ್ಪಿಸಬೇಡಿ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಕೊನೆಗೆ 38,915 ಮುಟ್ಟಿತ್ತು. ಆ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ, 34 ವರ್ಷದ ಮೇಲೆ. ಹಣವನ್ನೆಲ್ಲ ಅಲ್ಲೇ ಇಟ್ಟು ಕೆಲಸ ಬಿಟ್ಟವರ ಗತಿ ಏನಾಗಿರಬೇಡ! ನಿಮ್ಮ ದೇಶದ ನಿಯಮ ಒಪ್ಪಿದರೆ ಒಂದು ಪಾಲು ಹೊರಗಿನ ಮಾರುಕಟ್ಟೆಗಳಲ್ಲೂ ಇರಲಿ. ನಿವೃತ್ತಿಗಾಗಿ ತೆರಿಗೆ ರಿಯಾಯಿತಿ ಇರುವ ಖಾತೆಗಳಿದ್ದರೆ, ಕೆಲಸ ಕೊಟ್ಟವರೂ ತಮ್ಮ ಪಾಲು ಹಾಕುತ್ತಾರಾದರೆ, ಮೊದಲು ಅವನ್ನು ತುಂಬಿ.

ಮೋಸದ ಬಗ್ಗೆ ಒಂದು ಮಾತು. 1920ರಲ್ಲಿ ಬೋಸ್ಟನ್ನಿನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ 50% ಲಾಭ ಕೊಡುತ್ತೇನೆ ಅಂದ. ಹೊಸಬರ ಹಣವನ್ನೇ ಹಳಬರಿಗೆ ಲಾಭ ಅಂತ ಹಂಚಿದ. ಕೆಲವೇ ತಿಂಗಳಲ್ಲಿ ಎಲ್ಲ ಕುಸಿಯಿತು. ನೂರು ವರ್ಷ ಆದರೂ ಅದೇ ಆಟ ಹೊಸ ಹೊಸ ಹೆಸರಿನಲ್ಲಿ ನಡೆಯುತ್ತಿದೆ. ದೊಡ್ಡ ಲಾಭ ಮತ್ತು ಗ್ಯಾರಂಟಿ, ಎರಡೂ ಒಂದೇ ಮಾತಿನಲ್ಲಿ ಬಂದರೆ ಎದ್ದು ಬನ್ನಿ. ಹೇಳಿದವರು ಸ್ವಂತ ಅಣ್ಣನೇ ಆಗಿದ್ದರೂ ಸರಿ.

ಹೆಜ್ಜೆ 9: ಮಾರುಕಟ್ಟೆ ಬಿದ್ದಾಗ ಏನು ಮಾಡುತ್ತೀರಿ ಅಂತ ಈಗಲೇ ಬರೆದಿಡಿ

ಬೀಳುತ್ತದೆ. ಅದರಲ್ಲಿ ಅನುಮಾನ ಬೇಡ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಸುಮಾರು 57% ಕುಸಿಯಿತು. ಹಳೇ ಮಟ್ಟಕ್ಕೆ ಬಂದದ್ದು 2013ರಲ್ಲಿ. ಹತ್ತು ವರ್ಷ ಕೂಡಿಸಿದ 100 ಕಣ್ಣೆದುರೇ 43 ಆಗುವುದನ್ನು ಓದುವುದು ಬೇರೆ, ನಿಮ್ಮದೇ ಖಾತೆಯಲ್ಲಿ ನೋಡುವುದು ಬೇರೆ. ಆಗ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಗುತ್ತದೆ. ಮಾರಿಬಿಡೋಣ ಅನ್ನಿಸುತ್ತದೆ.

ಅದಕ್ಕೇ ನೆಮ್ಮದಿಯಿರುವ ಒಂದು ದಿನ ನಿಮಗೇ ಒಂದು ಕಾಗದ ಬರೆದಿಟ್ಟುಕೊಳ್ಳಿ. ನನ್ನದರಲ್ಲಿ ನಾಲ್ಕೇ ಸಾಲು ಇವೆ. 'ತುರ್ತು ನಿಧಿ ಇದೆ. ಈ ಹಣ ಹತ್ತು ವರ್ಷ ಬೇಕಾಗಿಲ್ಲ. ತಿಂಗಳ ಕಂತು ನಿಲ್ಲಿಸಬೇಡ. ಖಾತೆ ತೆರೆದು ನೋಡುವುದನ್ನು ನಿಲ್ಲಿಸು.' ಬೀಳುವಾಗಲೂ ನಡೆಯುವ ಕಂತು ಕಡಿಮೆ ಬೆಲೆಗೆ ಫಂಡ್ ನ ಜಾಸ್ತಿ ಯೂನಿಟ್, ಅಂದರೆ ಜಾಸ್ತಿ ಪಾಲು ಕೊಳ್ಳುತ್ತದೆ.

ಅರ್ಧ ಇಳಿದರೆ ನಿದ್ದೆ ಬರುವುದಿಲ್ಲ ಅನ್ನಿಸುವವರು ಬಾಂಡ್ ಪಾಲನ್ನು ಈಗಲೇ ಹೆಚ್ಚಿಸಿ. ಸ್ವಲ್ಪ ಕಡಿಮೆ ಬೆಳೆದರೂ ಚಿಂತೆಯಿಲ್ಲ. ಕೊನೆವರೆಗೂ ಹಿಡಿದಿಟ್ಟುಕೊಳ್ಳಲು ಆಗುವ ಹಂಚಿಕೆಯೇ ಒಳ್ಳೆಯ ಹಂಚಿಕೆ.

ಹೆಜ್ಜೆ 10: ತೆಗೆಯುವ ಕಾಲ

ಕುಡಿಕೆ ತುಂಬುವಾಗ ಮಾರುಕಟ್ಟೆ ಯಾವಾಗ ಬಿದ್ದರೂ ಅಷ್ಟು ಚಿಂತೆ ಇಲ್ಲ. ತೆಗೆಯಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ಬಿದ್ದರೆ ಪೆಟ್ಟು ಜೋರು. ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರ ಹತ್ತಿರವೂ 100 ಇದೆ, ಇಬ್ಬರೂ ಪ್ರತಿ ವರ್ಷದ ಮೊದಲ ದಿನ 5 ತೆಗೆಯುತ್ತಾರೆ. ಮೊದಲನೆಯವರಿಗೆ ಮಾರುಕಟ್ಟೆ 30% ಬಿದ್ದು, ಆಮೇಲೆ ಎರಡು ವರ್ಷ 20% ಏರಿತು. ಎರಡನೆಯವರಿಗೆ ಎರಡು ವರ್ಷ 20% ಏರಿ, ಮೂರನೇ ವರ್ಷ 30% ಬಿತ್ತು. ಏನೂ ತೆಗೆಯದಿದ್ದರೆ ಇಬ್ಬರದ್ದೂ 100.8 ಆಗುತ್ತಿತ್ತು. ತೆಗೆದದ್ದರಿಂದ ಮೊದಲನೆಯವರ ಹತ್ತಿರ 82.6, ಎರಡನೆಯವರ ಹತ್ತಿರ 88.1 ಉಳಿಯುತ್ತದೆ. ಏರಿಳಿತ ಅದೇ, ಬಂದ ಸರದಿ ಮಾತ್ರ ಬೇರೆ. ಬರೀ ಮೂರು ವರ್ಷಕ್ಕೆ ಇಷ್ಟು.

ಇದಕ್ಕೆ ಮದ್ದು ಏನು? ಕೆಲಸ ಬಿಡುವ ಹೊತ್ತಿಗೆ ಎರಡು ಮೂರು ವರ್ಷದ ಖರ್ಚನ್ನು ಠೇವಣಿ ಮತ್ತು ಸಣ್ಣ ಅವಧಿಯ ಬಾಂಡ್‌ಗಳಲ್ಲಿ ಇಡಿ. ಮಾರುಕಟ್ಟೆ ಬಿದ್ದ ವರ್ಷ ಷೇರನ್ನು ಮಾರದೆ ಅದರಿಂದ ತೆಗೆಯಿರಿ. ಆ ವರ್ಷ ಪ್ರವಾಸದಂಥ ಖರ್ಚನ್ನು ಮುಂದೂಡಿ. ಸಾಧ್ಯವಾದರೆ ಇಷ್ಟದ ಕೆಲಸವನ್ನು ವಾರಕ್ಕೆ ಎರಡು ದಿನ ಮಾಡಿ. ಮೊದಲ ಐದು ವರ್ಷ ಸ್ವಲ್ಪವೇ ಆದಾಯ ಬಂದರೂ ಕುಡಿಕೆಗೆ ಅದು ದೊಡ್ಡ ಆಸರೆ.

ಮನೆಯವರ ಜೊತೆ

ಇದನ್ನು ಹೆಜ್ಜೆ ಅಂತ ಕರೆಯಲು ಮನಸ್ಸಿಲ್ಲ, ಏಕೆಂದರೆ ಇದು ಮೊದಲ ದಿನದಿಂದಲೇ ನಡೆಯಬೇಕಾದದ್ದು. ಗಂಡ ಹೆಂಡತಿಯಲ್ಲಿ ಒಬ್ಬರು ಉಳಿಸುತ್ತಾ ಇನ್ನೊಬ್ಬರು ಉಸಿರು ಕಟ್ಟಿಕೊಂಡಿದ್ದರೆ ಈ ಗಾಡಿ ಬಹಳ ದೂರ ಹೋಗುವುದಿಲ್ಲ. ತಿಂಗಳಿಗೊಮ್ಮೆ ಇಬ್ಬರೂ ಕೂತು ಪುಸ್ತಕ ತೆರೆಯಿರಿ. 'ಇದಕ್ಕೆ ಯಾಕೆ ಖರ್ಚು ಮಾಡಿದೆ' ಅಂತ ಕೇಳಬೇಡಿ. 'ಈ ತಿಂಗಳು ಯಾವ ಖರ್ಚು ಸಂತೋಷ ಕೊಟ್ಟಿತು' ಅಂತ ಕೇಳಿ. ಲೆಕ್ಕ ಹೇಳಬೇಕಾಗಿಲ್ಲದ ಒಂದಿಷ್ಟು ಹಣ ಇಬ್ಬರಿಗೂ ಬೇರೆಯಾಗಿ ಇರಲಿ. ಮಕ್ಕಳಿಗೂ ಮುಚ್ಚಿಡಬೇಡಿ. ಹಣ ಇಲ್ಲ ಅಂತ ಹೇಳುವುದಕ್ಕಿಂತ ಇದನ್ನು ಬೇರೆಯದಕ್ಕೆ ಎತ್ತಿಟ್ಟಿದ್ದೇವೆ ಅಂತ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ವರ್ಷಕ್ಕೊಂದು ದಿನ

ವರ್ಷಕ್ಕೊಮ್ಮೆ ಅರ್ಧ ದಿನ ಇದಕ್ಕೆ ಕೊಡಿ. ವರ್ಷದ ಖರ್ಚನ್ನು ಮತ್ತೆ ಕೂಡಿಸಿ, 25ರಿಂದ ಗುಣಿಸಿ ಹೊಸ ಗುರಿ ಬರೆಯಿರಿ. ಷೇರು ಬಾಂಡ್ ಹಂಚಿಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಸರಿದಿದ್ದರೆ, ಹೆಚ್ಚಾದದ್ದನ್ನು ಸ್ವಲ್ಪ ಮಾರಿ ಕಡಿಮೆಯಾದದ್ದನ್ನು ಕೊಳ್ಳಿ. ವಿಮೆ ಸಾಲುತ್ತದಾ ನೋಡಿ. ಎಲ್ಲ ಖಾತೆಗಳಿಗೂ ನಾಮಿನಿ ಯಾರು ಅಂತ ನೋಡಿ, ಖಾತೆಗಳ ಪಟ್ಟಿಯನ್ನು ಮನೆಯವರಿಗೆ ಗೊತ್ತಿರುವ ಜಾಗದಲ್ಲಿಡಿ.

ಕೊನೆಗೆ ಒಂದು ಭಾಗಾಕಾರ ಮಾಡಿ. ಕೂಡಿಟ್ಟ ಮೊತ್ತವನ್ನು ತಿಂಗಳ ಖರ್ಚಿನಿಂದ ಭಾಗಿಸಿ. ಸಂಬಳ ಇಲ್ಲದೆ ಎಷ್ಟು ತಿಂಗಳು ಬದುಕಬಹುದು ಅಂತ ಸಿಗುತ್ತದೆ. ನನ್ನ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಈ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಬಂದಿದ್ದೇನೆ. ಮೊದಲ ವರ್ಷ 2. ಎರಡನೇ ವರ್ಷ 7. ಮೂರನೇ ವರ್ಷ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂತು, 5ಕ್ಕೆ ಇಳಿಯಿತು. ಆ 5ರ ಪಕ್ಕದಲ್ಲಿ 'ಸಾಲ ಮಾಡಲಿಲ್ಲ' ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ನಾಲ್ಕನೇ ವರ್ಷ 14.